'ಐ ಸೀನ್ ಹಿಮ್' ಅಂತ ಇಂಗ್ಲಿಷ್ ಮಾತೃಭಾಷೆಯವರೇ ಹೇಳುತ್ತಾರಲ್ಲ, ಅವರಿಗೆ ವ್ಯಾಕರಣ ಬರುವುದಿಲ್ಲವೇ? ನಾನೂ ಹಾಗೆ ಮಾತಾಡಬಹುದೇ?

ಈ ಗೊಂದಲ ನನಗೆ ಚೆನ್ನಾಗಿ ಪರಿಚಯ. ವ್ಯಾಕರಣ ಅವರಿಗೆ ಬರುತ್ತದೆ, ನಿಮ್ಮ ಪುಸ್ತಕದ್ದಲ್ಲ ಅಷ್ಟೆ.

ಎಲ್ಲರೂ ಎಡವುವುದು ಒಂದೇ ಕಡೆ: ಮಧ್ಯದ 'ಹ್ಯಾವ್' ಅನ್ನು ಅವರು ನುಂಗಿಬಿಟ್ಟಿದ್ದಾರೆ ಎಂದುಕೊಳ್ಳುವುದು. ನುಂಗಿಲ್ಲ. ಪಕ್ಕದಲ್ಲಿ 'ಯೆಸ್ಟರ್‌ಡೇ' ಇಟ್ಟು ನೋಡಿ. 'ಐ ಸೀನ್ ಹಿಮ್ ಯೆಸ್ಟರ್‌ಡೇ' ಎಂದು ಅವರು ಸಲೀಸಾಗಿ ಹೇಳುತ್ತಾರೆ. 'ಹ್ಯಾವ್ ಸೀನ್' ಜೊತೆ 'ಯೆಸ್ಟರ್‌ಡೇ' ಹೊಂದುವುದಿಲ್ಲ. ಅಂದರೆ 'ಸೀ-ಸಾ-ಸೀನ್' ಎಂದು ನಾವು ಕಲಿತ ಸಾಲಿನಲ್ಲಿ ಇಲ್ಲಿನ 'ಸೀನ್' ಮೂರನೇ ರೂಪವೇ ಅಲ್ಲ, 'ಸಾ' ಜಾಗಕ್ಕೆ ಬಂದ ಎರಡನೇ ರೂಪ. ಇನ್ನೂ ಅನುಮಾನವಿದ್ದರೆ 'ಡನ್' ನೋಡಿ: 'ಯೂ ಡನ್ ಇಟ್, ಡಿಡಂಟ್ ಯೂ?' ಮುಖ್ಯ ಕ್ರಿಯಾಪದವಾದರೆ 'ಡನ್', ಸಹಾಯಕವಾದರೆ 'ಡಿಡ್'. 'ಡನಂಟ್ ಯೂ' ಎಂದು ಯಾರೂ ಅನ್ನುವುದಿಲ್ಲ. ಬಾಯಿಗೆ ಬಂದಂತೆ ಆಡುವ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟು ಇರುತ್ತದೆಯೇ?

'ಹ್ಯಾವ್ ವೆಂಟ್', 'ಹ್ಯಾವ್ ಏಟ್' ಇದರ ತಿರುಗುಮುರುಗು. ಎರಡನೇ ರೂಪವೇ ಮೂರನೆಯದರ ಕೆಲಸವನ್ನೂ ಮಾಡುತ್ತದೆ. 'ವಾಕ್ಡ್' ಥರದ ಬಹುಪಾಲು ಕ್ರಿಯಾಪದಗಳಲ್ಲಿ ಎರಡೂ ರೂಪ ಒಂದೇ ಆಗಿರುವುದರಿಂದ ಉಳಿದವೂ ಆ ಕಡೆ ಜಾರುತ್ತವೆ. ಹೊಸ ಚಾಳಿಯೂ ಅಲ್ಲ. 1762ರಲ್ಲಿ ಇಂಗ್ಲೆಂಡಿನ ಪಾದ್ರಿ ರಾಬರ್ಟ್ ಲೌತ್ ತನ್ನ ವ್ಯಾಕರಣ ಪುಸ್ತಕದಲ್ಲಿ 'ಹ್ಯಾವ್ ಸ್ಪೋಕ್' ಥರದ ಪ್ರಯೋಗಗಳಿಗಾಗಿ ಮಿಲ್ಟನ್‌ನಂಥ ಕವಿಯನ್ನೇ ಕಟಕಟೆಗೆ ಹತ್ತಿಸಿದ್ದ!

ನೀವು ಬಳಸಬಹುದೇ ಎಂದರೆ, ಬೇಡ ಎನ್ನುತ್ತೇನೆ. ತಪ್ಪು ಅಂತಲ್ಲ. ಆ ವ್ಯವಸ್ಥೆ ಇಡಿಯಾಗಿ ಬರಬೇಕು. ಹೊರಗಿನವರು ಒಂದೆರಡು ಪದ ಎತ್ತಿಕೊಂಡರೆ ಒಂದು ವಾಕ್ಯದಲ್ಲಿ 'ಸೀನ್', ಮುಂದಿನದರಲ್ಲಿ 'ಸಾ' ಎಂದು ಕಲಸುಮೇಲೋಗರವಾಗುತ್ತದೆ. ಪರೀಕ್ಷೆ, ಅರ್ಜಿಗಳಲ್ಲಂತೂ ಅಂಕ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಆದರೆ ಅವರ ಮಾತನ್ನು ಬರೆದಿಳಿಸುವಾಗ ನಡುವೆ 'ಹ್ಯಾವ್' ಮಾತ್ರ ತುರುಕಬೇಡಿ, ಕಾಲವೇ ಬದಲಾಗುತ್ತದೆ.

'ಗೆಟ್'ನ ಮೂರನೇ ರೂಪವಾಗಿ ಬರುವ 'ಗಾಟನ್' ಅನ್ನು ಈ ಗುಂಪಿಗೆ ಸೇರಿಸಬೇಡಿ. ಅಮೆರಿಕದಲ್ಲಿ ಅದು ಶಿಷ್ಟ ರೂಪ. 'ಹ್ಯಾವ್ ಗಾಟನ್ ಎ ಕಾರ್' ಎಂದರೆ ಕಾರು ಸಿಕ್ಕಿತು ಅಥವಾ ಕೊಂಡಾಯಿತು, 'ಹ್ಯಾವ್ ಗಾಟ್ ಎ ಕಾರ್' ಎಂದರೆ ಕಾರು ಇದೆ. ಹೋಗಲೇಬೇಕು ಎನ್ನುವಲ್ಲಿ 'ಹ್ಯಾವ್ ಗಾಟ್ ಟು ಗೋ' ಒಂದೇ. ಅಲ್ಲಿ 'ಗಾಟನ್' ಹಾಕಿದರೆ ಅಮೆರಿಕದವರಿಗೂ ಆ ಅರ್ಥ ಹೊಳೆಯುವುದಿಲ್ಲ.