ಕುಸ್ವಾರ್: ಅಚ್ಚು ಬಿಡದ ರೋಸ್ ಕುಕ್ಕೀಸ್, ಮೆತ್ತಗಾಗುವ ಕಿಡಿಯೊ

ನಮಸ್ಕಾರ ಅಕ್ಕ. ನೀವು ಕೇಳಿದ್ದರಲ್ಲಿ ಮುಖ್ಯವಾದದ್ದು ಮೂರು ಅಲ್ವಾ? ರೋಸ್ ಕುಕ್ಕೀಸ್ (ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ತಿಂಡಿ) ಅಚ್ಚಿಗೇ ಅಂಟಿಕೊಳ್ಳುತ್ತದೆ, ಕಿಡಿಯೊ (ಮೈದಾ ಹಿಟ್ಟಿನ ಚಿಕ್ಕ ಸುರುಳಿ) ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರಿಗೆಲ್ಲ ಹಂಚುವಷ್ಟು ಮಾಡಬೇಕಾದರೆ ಯಾವುದನ್ನು ಯಾವಾಗ ಮಾಡುವುದು. ಜೊತೆಗೆ ಮಗನ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲು ಬೆಳೆಸುವ ವಿಷಯ. ಉತ್ತರ ಉದ್ದವಾಗುತ್ತದೆ, ಪುರುಸೊತ್ತಿನಲ್ಲಿ ಓದಿ.

ಗುಂಪಿನಲ್ಲಿ ಗೊತ್ತಿಲ್ಲದವರಿಗಾಗಿ: ಮಂಗಳೂರು, ಉಡುಪಿ ಕಡೆ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎನ್ನುತ್ತಾರೆ. ನೆವ್ರಿ (ಕರ್ಜಿಕಾಯಿಯಂಥದ್ದು), ಕಿಡಿಯೊ, ಗುಳಿಯೊ (ಅಕ್ಕಿ ಹಿಟ್ಟಿನ ಕರಿದ ಉಂಡೆ), ರೋಸ್ ಕುಕ್ಕೀಸ್, ತುಕ್ಡಿ (ಶಂಕರಪೋಳಿಯಂಥ ತುಂಡು), ಅಕ್ಕಿ ಲಾಡು, ಚಕ್ಕುಲಿ, ಹೀಗೆ. ಗೋವಾದವರಲ್ಲಿ ಇವುಗಳ ಜೊತೆ ದೋದೊಲ್ (ತೆಂಗಿನ ಹಾಲು, ಬೆಲ್ಲದ ಹಲ್ವದಂಥದ್ದು), ಬೆಬಿಂಕಾ (ಪದರಪದರದ ಸಿಹಿ) ಕೂಡ ಇರುತ್ತವೆ. ಪ್ಲಮ್ ಕೇಕ್ ಬೇಕರಿಯಿಂದ ತಂದರೂ ನಡೆಯುತ್ತದೆ, ಆದರೆ ಕುಸ್ವಾರ್ ಮನೆಯಲ್ಲೇ, ನಾಲ್ಕು ಕೈ ಸೇರಿ ಮಾಡಿದರೇ ಚೆಂದ. ಹೆಚ್ಚಿನವು ಕರಿದ ತಿಂಡಿಗಳು, ಓವನ್ನೇ ಬೇಡ.

ಮೊದಲು ಅಚ್ಚಿನ ವಿಷಯ. ನಿಮ್ಮದು ಹೊಸ ಅಚ್ಚು ಅಂದಿರಿ. ಹೊಸ ಅಚ್ಚನ್ನು ಹಾಗೇ ಹಿಟ್ಟಿಗೆ ಅದ್ದಬೇಡಿ. ಒಂದು ರಾತ್ರಿ ಗಂಜಿ ತಿಳಿಯಲ್ಲಿ ಮುಳುಗಿಸಿಡಿ, ಬೆಳಿಗ್ಗೆ ತೊಳೆದು ಚೆನ್ನಾಗಿ ಒರೆಸಿ, ಎಣ್ಣೆ ಸವರಿ ಇನ್ನೊಂದು ದಿನ ಬಿಡಿ. ಕರಿಯುವ ದಿನ ಎಣ್ಣೆಯ ಜೊತೆಗೇ ಅಚ್ಚೂ ಕಾಯಬೇಕು. ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿದಾಗ ಚುಂಯ್ ಅನ್ನುವ ಸದ್ದು ಬರಬೇಕು. ಸದ್ದು ಬರಲಿಲ್ಲ ಅಂದರೆ ಅಚ್ಚು ತಣ್ಣಗಿದೆ, ಹಿಟ್ಟು ಜಾರಿಹೋಗುತ್ತದೆ. ಅದ್ದುವುದು ಮುಕ್ಕಾಲು ಭಾಗ ಮಾತ್ರ. ಹೊಸಬರಿಗೆ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಹಿಟ್ಟು ಅಚ್ಚಿನ ಮೇಲ್ಭಾಗಕ್ಕೂ ಹತ್ತಿಬಿಟ್ಟರೆ ಹೂವು ಅಚ್ಚನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ, ಆಮೇಲೆ ಎಷ್ಟು ಕುಲುಕಿದರೂ ಬಿಡುವುದಿಲ್ಲ. ಎಣ್ಣೆಗೆ ಇಳಿಸಿ ಕೆಲವು ಸೆಕೆಂಡ್ ಸುಮ್ನೆ ಹಿಡಿಯಿರಿ, ಅಂಚು ಗಟ್ಟಿಯಾದ ಮೇಲೆ ಮೆಲ್ಲಗೆ ಅಲುಗಿಸಿ.

ಹಿಟ್ಟಿನ ಅಳತೆ: ಒಂದು ಕಪ್ ಬೆಳ್ತಿಗೆ ಅಕ್ಕಿ ಹಿಟ್ಟು, ಕಾಲು ಕಪ್ ಮೈದಾ, ಒಂದು ಮೊಟ್ಟೆ, ಕಾಲು ಕಪ್‌ಗಿಂತ ಚೂರು ಜಾಸ್ತಿ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಒಂದು ಚಮಚ ಕರಿ ಎಳ್ಳು, ತೆಂಗಿನ ಹಾಲು ಒಂದು ಕಪ್‌ನ ಆಸುಪಾಸು. ಹಾಲನ್ನು ಒಮ್ಮೆಲೇ ಸುರಿಯಬೇಡಿ. ಹಿಟ್ಟು ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗಿರಲಿ, ಆದರೆ ಅಚ್ಚಿನ ಮೇಲೆ ಪದರವಾಗಿ ನಿಲ್ಲಬೇಕು. ಸಕ್ಕರೆ ಹೆಚ್ಚಾದರೆ ಬೇಗ ಕಂದಾಗುತ್ತದೆ, ಒಳಗೆ ಗರಿಗರಿ ಬಂದಿರುವುದಿಲ್ಲ.

ಈಗ ಕಿಡಿಯೊ. ಎರಡು ದಿನಕ್ಕೆ ಮೆತ್ತಗಾಗುತ್ತದೆ ಅಂದರೆ ಒಳಗೆ ನೀರಿನ ಪಸೆ ಉಳಿದಿದೆ ಅಂತಲೇ ಅರ್ಥ. ಉರಿ ದೊಡ್ಡದಿಟ್ಟು ಕರಿದರೆ ಮೇಲೆ ಬೇಗ ಬಣ್ಣ ಬರುತ್ತದೆ, ನೀವು ಆಯಿತು ಅಂದುಕೊಂಡು ತೆಗೆಯುತ್ತೀರಿ, ಮಧ್ಯದಲ್ಲಿ ಇನ್ನೂ ಹಸಿ. ಅರ್ಧ ಕಿಲೋ ಮೈದಾಕ್ಕೆ ಎರಡು ಮೊಟ್ಟೆ, ಎರಡು ಮೂರು ಚಮಚ ಬಿಸಿ ತುಪ್ಪ, ಸ್ವಲ್ಪ ಸಕ್ಕರೆ, ಉಪ್ಪು, ಕಲಸಲು ಬೇಕಾದಷ್ಟೇ ಗಟ್ಟಿ ತೆಂಗಿನ ಹಾಲು. ಹಿಟ್ಟು ಪೂರಿ ಹಿಟ್ಟಿನಷ್ಟು ಗಟ್ಟಿಯಿರಲಿ. ನೆಲ್ಲಿಕಾಯಿ ಗಾತ್ರ ತೆಗೆದುಕೊಳ್ಳಬೇಡಿ, ಗೋಲಿಗಿಂತಲೂ ಚಿಕ್ಕದು ಸಾಕು. ಅದನ್ನು ಫೋರ್ಕಿನ ಬೆನ್ನ ಮೇಲೋ, ಇದಕ್ಕೆಂದೇ ಇಟ್ಟುಕೊಂಡ ಹೊಸ ಬಾಚಣಿಗೆಯ ಮೇಲೋ ಒತ್ತಿ ಚಪ್ಪಟೆ ಮಾಡಿ ಸುರುಳಿ ಸುತ್ತಿ. ತೆಳ್ಳಗೆ ಒತ್ತಿದಷ್ಟೂ ಒಳಗೆ ಬೇಯುತ್ತದೆ. ಇದಕ್ಕೆ ಮಕ್ಕಳನ್ನು ಕೂರಿಸಿ, ಅವರ ಬೆರಳಿಗೆ ಹೇಳಿ ಮಾಡಿಸಿದ ಕೆಲಸ. ನಡು ಉರಿಯಲ್ಲಿ ನಿಧಾನವಾಗಿ ಕರಿಯಿರಿ, ಎಣ್ಣೆಯ ನೊರೆ ಪೂರ್ತಿ ಅಡಗಿದ ಮೇಲೆ ತೆಗೆಯಿರಿ.

ಪಾಕ ಹಾಕುವುದಾದರೆ ಕಿಡಿಯೊ ಪೂರ್ತಿ ಆರಿರಬೇಕು. ಒಂದು ಕಪ್ ಸಕ್ಕರೆಗೆ ಕಾಲು ಕಪ್ ನೀರು, ಎಳೆ ಗಟ್ಟಿಯಾಗಿ ಬರುವವರೆಗೆ ಕುದಿಸಿ ಒಲೆ ಆರಿಸಿ, ಕಿಡಿಯೊ ಸುರಿದು ಬಿಡದೆ ತಿರುವುತ್ತಾ ಇರಿ. ಸಕ್ಕರೆ ಬೆಳ್ಳಗೆ ಪುಡಿಪುಡಿಯಾಗಿ ಅಂಟುತ್ತದೆ. ಜಿಗುಟಾಗಿಯೇ ಉಳಿದರೆ ಪಾಕ ಎಳಸು.

ಗುಳಿಯೊ ಬಗ್ಗೆ ಒಂದೇ ಎಚ್ಚರಿಕೆ. ಅಕ್ಕಿ ಹಿಟ್ಟಿನ ಉಂಡೆ ಎಣ್ಣೆಯಲ್ಲಿ ಸಿಡಿಯಬಹುದು. ಹಿಟ್ಟನ್ನು ಹುರಿದು, ಕುದಿಯುವ ತೆಂಗಿನ ಹಾಲಿನಲ್ಲಿ ಕಲಸಿ, ಗಂಟಿಲ್ಲದೆ ನಾದಿ, ಚಿಕ್ಕ ಚಿಕ್ಕ ಉಂಡೆ ಮಾಡಿ. ಕರಿಯುವಾಗ ಮಕ್ಕಳು ಒಲೆಯ ಹತ್ತಿರ ಬೇಡ.

ಯಾವಾಗ ಯಾವುದು? ಡಿಸೆಂಬರ್ 15ರ ಹೊತ್ತಿಗೆ ಚಕ್ಕುಲಿ, ತುಕ್ಡಿ, ಕಿಡಿಯೊ ಮುಗಿಸಿ. ಆಮೇಲೆ ನೆವ್ರಿ. ಅದರ ಹೂರಣಕ್ಕೆ ಎಳ್ಳು, ಗೋಡಂಬಿ, ಏಲಕ್ಕಿ, ಸಕ್ಕರೆ ಪುಡಿ ಜೊತೆ ಹಾಕುವ ತೆಂಗಿನ ತುರಿಯನ್ನು ಕೈಗೆ ಒಣ ಒಣ ಅನಿಸುವವರೆಗೆ ಹುರಿಯಬೇಕು, ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಕಮಟು ವಾಸನೆ ಬರುತ್ತದೆ. ರೋಸ್ ಕುಕ್ಕೀಸ್ 21, 22ಕ್ಕೆ. ಹಸಿ ತೆಂಗು ಹಾಕುವ ಅಕ್ಕಿ ಲಾಡು ಎಲ್ಲಕ್ಕಿಂತ ಕೊನೆಗೆ. ಬಿಸಿ ಇರುವಾಗ ಯಾವುದನ್ನೂ ಡಬ್ಬಕ್ಕೆ ತುಂಬಬೇಡಿ, ಒಂದೊಂದಕ್ಕೂ ಬೇರೆ ಡಬ್ಬ. ಮೆತ್ತಗಿನ ಲಾಡು ಗರಿಗರಿ ಚಕ್ಕುಲಿಯ ಜೊತೆ ಒಂದೇ ಡಬ್ಬದಲ್ಲಿದ್ದರೆ ಎರಡೂ ಹಾಳು. ಹಂಚುವುದಕ್ಕೆ 25ರಂದೇ ಓಡಾಡಬೇಕಾಗಿಲ್ಲ, ಹೊಸ ವರ್ಷ ದಾಟಿ ಜನವರಿ 6ರ ಮೂರು ರಾಯರ ಹಬ್ಬದವರೆಗೂ (ಶಿಶು ಯೇಸುವನ್ನು ನೋಡಲು ಬಂದ ಮೂವರ ನೆನಪಿನ ಹಬ್ಬ) ಸಮಯವಿದೆ.

ಗೋದಲಿಯ ಹುಲ್ಲಿಗೆ ರಾಗಿ ಒಳ್ಳೆಯದು, ಸಣ್ಣಗೆ ಒತ್ತಾಗಿ ಬರುತ್ತದೆ. ಗದ್ದೆ ಕಾಣಿಸಬೇಕಾದರೆ ಭತ್ತ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಟ್ರೇಯಲ್ಲಿ ಒಂದು ಬೆರಳು ಮಣ್ಣು ಹಾಕಿ ಒತ್ತಾಗಿ ಚೆಲ್ಲಿ. 12 ಅಥವಾ 13ಕ್ಕೆ ಹಾಕಿದರೆ ಹಬ್ಬಕ್ಕೆ ಹಸಿರಾಗಿರುತ್ತದೆ. ನೀರು ಚಿಮುಕಿಸಿ ಸಾಕು, ನಿಂತರೆ ಬೂಸು ಹಿಡಿಯುತ್ತದೆ. ನಿಮ್ಮ ಮಗನಿಗೆ ಇದನ್ನೂ ಹೇಳಿ: ಹಂಗೆರಿ, ಕ್ರೊವೇಷಿಯಾ ಕಡೆ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದ ದಿನ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಅದು ಹುಲುಸಾಗಿ ಬೆಳೆದರೆ ಬರುವ ವರ್ಷ ಹೊಲವೂ ಹಾಗೇ ಬೆಳೆಯುತ್ತದೆ ಎಂಬ ನಂಬಿಕೆ. ಗೋದಲಿಯ ರೂಢಿಯನ್ನು ಜನರ ನಡುವೆ ಹರಡಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್, 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಮಾಡಿದ್ದರು.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಮಹಡಿಯಲ್ಲಿ ಮೊಟ್ಟೆ ತಿನ್ನದವರೂ ಇರುತ್ತಾರಲ್ಲ. ದೀಪಾವಳಿಗೆ ಅವರ ಮನೆಯಿಂದ ತಟ್ಟೆ ಬಂದಿರುತ್ತದೆ, ನಿಮ್ಮ ತಟ್ಟೆಯನ್ನೂ ಅವರು ಅನುಮಾನವಿಲ್ಲದೆ ತಿನ್ನುವಂತಿರಬೇಕು. ಹಾಗಾಗಿ ಹೊಸ ಎಣ್ಣೆಯಲ್ಲಿ ಮೊಟ್ಟೆ ಹಾಕದ ಚಕ್ಕುಲಿ, ಗುಳಿಯೊ, ನೆವ್ರಿ ಕರಿದು ಅವರ ಪಾಲು ಬೇರೆ ಡಬ್ಬಕ್ಕೆ ತೆಗೆದಿಡಿ. ಲಾಡನ್ನೂ ಅದರ ಜೊತೆ ಕೊಡಬಹುದು. ಕೊಡುವಾಗ ಇದರಲ್ಲಿ ಮೊಟ್ಟೆಯಿಲ್ಲ, ಎಣ್ಣೆಯೂ ಬೇರೆ ಅಂತ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳಲು ಸಂಕೋಚಪಡುತ್ತಾರೆ. ಕಿಡಿಯೊ, ರೋಸ್ ಕುಕ್ಕೀಸ್ ಕರಿದ ಎಣ್ಣೆಯನ್ನು ಇವಕ್ಕೆ ಬಳಸಬೇಡಿ.