ಹಳೇ ಡಬ್ಬಿ ಎಂದು ಮೂಗು ಮುರಿಯಬೇಡಿ, ಮೇಷ್ಟ್ರೇ

(ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಪಕ್ಕದ ವೋಬರ್ನ್ ಸ್ಯಾಂಡ್ಸ್‌ನಲ್ಲಿ ಅವರ ಮಗಳ ಮನೆ ಇದೆ. 2023ರಲ್ಲಿ ಮೂರು ತಿಂಗಳು ಅಲ್ಲಿದ್ದು ಬಂದರು. ಊರಲ್ಲೇ ಸ್ಟೇಷನ್ ಇತ್ತು, ಹಳಿ ಇತ್ತು, ರೈಲು ಮಾತ್ರ ಇರಲಿಲ್ಲ. ಬದಲಿಗೆ ಬಸ್ ಬಿಟ್ಟಿದ್ದರು. ಅವರು ಬರೆಯುತ್ತಾರೆ: "ಲಂಡನ್ ಮೆಟ್ರೋದವರು ಬಿಸಾಕಿದ ಡಬ್ಬಿಗಳಿಗೆ ಬಣ್ಣ ಬಳಿದು ಹಳ್ಳಿಯವರ ತಲೆಗೆ ಕಟ್ಟಿದ್ದರಂತೆ. ಅವು ಕೈಕೊಟ್ಟವು. ನಮ್ಮಲ್ಲೂ ಇದೇ ಕಥೆ. ಹೊಸದು ದೊಡ್ಡ ಊರಿಗೆ, ಹಳೇದು ನಮಗೆ. ಹಳೇದನ್ನೆಲ್ಲ ಗುಜರಿಗೆ ಹಾಕಿ, ಹೊಸದು ಕೊಡಲು ಆಗದಿದ್ದರೆ ಬಸ್ಸೇ ಸಾಕು ಎಂದು ನೀವು ಬರೆಯಬೇಕು.")

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಬರಹ ನೋಡಿಯೇ ಖುಷಿಯಾಯಿತು. ಆದರೆ ನೀವು ಹೇಳಿದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಮಾತಿನಲ್ಲಿ ನಿಜ ಇರುವಷ್ಟನ್ನು ಒಪ್ಪಿಬಿಡುತ್ತೇನೆ. ಹೊಸ ಬೋಗಿ ಹೆಚ್ಚು ಸುರಕ್ಷಿತ. ಎಲ್‌ಎಚ್‌ಬಿ ಎಂಬ ನಮ್ಮ ಹೊಸ ಮಾದರಿಯ ಬೋಗಿಗಳು ಡಿಕ್ಕಿಯಾದಾಗ ಒಂದರ ಮೇಲೊಂದು ಹತ್ತಿ ಕೂರುವುದು ಕಡಿಮೆ. ಹಾಗಾಗಿಯೇ ಬೋಗಿ ಕಟ್ಟುವ ಚೆನ್ನೈನ ಐಸಿಎಫ್ ಕಾರ್ಖಾನೆ 2018ರ ಜನವರಿಯಲ್ಲಿ ತನ್ನ ಹಳೇ ಮಾದರಿಯ ಕೊನೆಯ ಬೋಗಿಯನ್ನು ಕಳಿಸಿ ಆ ಅಧ್ಯಾಯ ಮುಗಿಸಿತು. ಅದು ಸರಿಯಾದ ತೀರ್ಮಾನ.

ಈಗ ನೀವು ಕಾಣದೆ ಬಂದ ಆ ರೈಲಿನ ವಿಷಯ. ಬ್ಲೆಚ್ಲಿಯಿಂದ ಬೆಡ್‌ಫರ್ಡ್‌ವರೆಗಿನ ಆ ದಾರಿಗೆ ಮಾರ್ಸ್ಟನ್ ವೇಲ್ ಲೈನ್ ಎನ್ನುತ್ತಾರೆ. ಸುಮಾರು 26 ಕಿ.ಮೀ., 12 ಸ್ಟೇಷನ್. 1846ರಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ಆಕ್ಸ್‌ಫರ್ಡ್‌ನಿಂದ ಕೇಂಬ್ರಿಡ್ಜ್‌ವರೆಗೆ ರೈಲು ಓಡುತ್ತಿತ್ತು. 1967ರ ಕೊನೆಯಲ್ಲಿ ಎರಡೂ ಕಡೆಯ ತುಂಡು ಮುಚ್ಚಿದರು, ನಡುವಿನ ಈ ತುಂಡು ಮಾತ್ರ ಉಳಿಯಿತು. ಇಂಥ ಮಾರ್ಗಕ್ಕೆ ಹೊಸ ರೈಲು ಯಾರು ಕೊಡುತ್ತಾರೆ ಹೇಳಿ?

ಆಗ ಏಡ್ರಿಯನ್ ಶೂಟರ್ ಎಂಬ ಅನುಭವಿ ರೈಲ್ವೆ ಮನುಷ್ಯನಿಗೆ ಒಂದು ಯೋಚನೆ ಬಂತು. ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನ್ ಎಂಬ ಮಾರ್ಗದಲ್ಲಿ 1980ರಿಂದ ಓಡುತ್ತಿದ್ದ ರೈಲುಗಳು ನಿವೃತ್ತಿಯಾಗುವುದರಲ್ಲಿದ್ದವು. ಅವುಗಳ ಮೈ ಅಲ್ಯೂಮಿನಿಯಂ. ತುಕ್ಕು ಹಿಡಿಯುವುದಿಲ್ಲ. ಮೈ ಗಟ್ಟಿ ಇದೆ, ಎಸೆಯುವುದೇಕೆ? ಶೂಟರ್ ಅವರ ವಿವಾರೈಲ್ ಕಂಪನಿ ಅವನ್ನು ಕೊಂಡು, ಒಳಗೆಲ್ಲ ಹೊಸದು ಮಾಡಿ, ಅಡಿಗೆ ಡೀಸೆಲ್ ಎಂಜಿನ್ ಕೂರಿಸಿತು. ರೈಲಿನ ಎಂಜಿನ್ ಅಲ್ಲ, ಫೋರ್ಡ್ ವ್ಯಾನಿನ ಎಂಜಿನ್! ಕೆಟ್ಟರೆ ಫೋರ್ಕ್‌ಲಿಫ್ಟ್ ತಂದು ಇಡೀ ಎಂಜಿನ್ ಪೆಟ್ಟಿಗೆಯನ್ನೇ ಇಳಿಸಿ ಬೇರೆಯದನ್ನು ಏರಿಸುವ ಹಾಗೆ ಮಾಡಿದ್ದರು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. ಬರೀ ಬಣ್ಣ ಬಳಿದದ್ದಲ್ಲ ಮೇಷ್ಟ್ರೇ, ನಿಜವಾದ ಕೆಲಸ ನಡೆದಿತ್ತು.

ತೊಂದರೆ ಇರಲಿಲ್ಲವೇ? ಇತ್ತು. 2016ರ ಡಿಸೆಂಬರಿನಲ್ಲಿ ಪರೀಕ್ಷೆಯ ಓಟದಲ್ಲೇ ಮೊದಲ ಗಾಡಿಗೆ ಬೆಂಕಿ ಬಿತ್ತು. ಅದನ್ನು ತಿದ್ದಿಕೊಂಡು 2019ರ ಏಪ್ರಿಲ್‌ನಲ್ಲಿ ನಿಮ್ಮ ಮಗಳ ಊರಿನ ಹಳಿಗೆ ಬಂದರು. ನಡುವೆ ಆಗಾಗ ಕಾಡಿಸಿದವು, ನಿಜ. ಆದರೂ ಮೂರೂವರೆ ವರ್ಷ ಓಡಿದವು.

ಹಾಗಾದರೆ 2022ರ ಡಿಸೆಂಬರಿನಲ್ಲಿ ನಿಂತದ್ದು ಯಾಕೆ? ಇಲ್ಲೇ ನೀವು ತಪ್ಪು ತಿಳಿದಿದ್ದೀರಿ. ಡಬ್ಬಿ ಮುರಿದುಬಿದ್ದು ನಿಂತದ್ದಲ್ಲ. ಕಂಪನಿಗೆ ದುಡ್ಡು ಹುಟ್ಟಲಿಲ್ಲ, ದಿವಾಳಿಯ ಬಾಗಿಲಿಗೆ ಬಂತು. ಅದೇ ತಿಂಗಳು ಶೂಟರ್ ಕೂಡ ತೀರಿಕೊಂಡರು. ಆ ಗಾಡಿಗಳ ನಿರ್ವಹಣೆ ವಿವಾರೈಲ್ ಕೈಯಲ್ಲೇ ಇತ್ತು. ಅದರ ಮರ್ಮ ಬಲ್ಲವರು ಅಲ್ಲಿನ ಮೆಕ್ಯಾನಿಕ್‌ಗಳು ಮಾತ್ರ. ಅವರ ಕೆಲಸ ಹೋಯಿತು, ಮಾರನೆಯ ದಿನದಿಂದ ರೈಲು ಮುಟ್ಟುವವರೇ ಇಲ್ಲ! ಹನ್ನೆರಡು ಸ್ಟೇಷನ್ನಿನ ಜನ ಹತ್ತಿರ ಹತ್ತಿರ ಒಂದು ವರ್ಷ ಬಸ್ಸಿನಲ್ಲಿ ಓಡಾಡಿದರು. ರೈಲು ಬರುತ್ತದೋ ಇಲ್ಲವೋ, ಬಂದರೆ ಯಾವುದು ಬರುತ್ತದೆ ಎಂಬ ಗೊಂದಲ ತಿಂಗಳುಗಟ್ಟಲೆ. ನೀವು ಅಲ್ಲಿದ್ದದ್ದು ಅದೇ ವರ್ಷ.

2023ರ ನವೆಂಬರಿನಲ್ಲಿ ರೈಲು ವಾಪಸ್ ಬಂತು. ಯಾವ ರೈಲು ಗೊತ್ತಾ? ಹೊಸದಲ್ಲ. ಕ್ಲಾಸ್ 150 ಎಂಬ ಗಾಡಿಗಳು, 1980ರ ದಶಕದ ನಡುವೆ ಕಟ್ಟಿದವು. ಅಂದರೆ ಹಳೇದು ಹೋದ ಜಾಗಕ್ಕೆ ಬಂದದ್ದೂ ಹಳೇದೇ. ವ್ಯತ್ಯಾಸ ಒಂದೇ. ಅದನ್ನು ಬಿಚ್ಚಿ ಜೋಡಿಸಬಲ್ಲವರು ಆ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ಉದಾಹರಣೆ ಕೇಳಿ. ಅದೇ ದೇಶದಲ್ಲಿ ಐಲ್ ಆಫ್ ವೈಟ್ ಎಂಬ ದ್ವೀಪವಿದೆ. ಅಲ್ಲಿ 1938ರ ಲಂಡನ್ ಸುರಂಗ ರೈಲುಗಳು 2021ರ ಜನವರಿವರೆಗೆ ಓಡಿದವು. 80 ದಾಟಿದ ಅಜ್ಜಿಯರು, ಸಮುದ್ರದ ಉಪ್ಪುಗಾಳಿಯಲ್ಲಿ! ಅವಕ್ಕೆ ನಿವೃತ್ತಿ ಕೊಟ್ಟು ತಂದದ್ದು ಇದೇ ವಿವಾರೈಲ್ ಸಜ್ಜು ಮಾಡಿದ ಗಾಡಿಗಳನ್ನು. ಕಂಪನಿ ಮುಳುಗಿದ ಮೇಲೂ ಆ ದ್ವೀಪದಲ್ಲಿ ರೈಲು ನಿಲ್ಲಲಿಲ್ಲ. ರೈಡ್ ಎಂಬ ಊರಿನ ಡಿಪೋದಲ್ಲಿ ಅಲ್ಲಿಯವರೇ ನೋಡಿಕೊಳ್ಳುತ್ತಿದ್ದರು, ಅದಕ್ಕೆ. ಅದೇ ಲಂಡನ್ ಡಬ್ಬಿ, ಅದೇ ಕಂಪನಿ. ಒಂದು ಕಡೆ ನಿಂತಿತು, ಇನ್ನೊಂದು ಕಡೆ ಓಡಿತು. ಈಗ ಹೇಳಿ, ತಪ್ಪು ಡಬ್ಬಿಯದ್ದಾ?

ಬ್ಯಾಟರಿ ಹಾಕಿದ ಇಂಥದೇ ಒಂದು ಗಾಡಿ 2025ರ ಆಗಸ್ಟಿನಲ್ಲಿ ಒಂದೇ ಚಾರ್ಜಿನಲ್ಲಿ 200 ಮೈಲಿ ದಾಟಿತು. ಗುಜರಿಗೆ ಹಾಕಿ ಎಂದಿರಲ್ಲ, ಅದೇ ಡಬ್ಬಿಯ ಒಡಹುಟ್ಟು ಅದು.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಮೈಸೂರಿನ ಅಶೋಕಪುರಂ. ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವನವಿಡೀ ಫಿಟ್ಟರ್ ಆಗಿದ್ದ ಹಿರಿಯರೊಬ್ಬರ ಪಕ್ಕದ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಸಂಜೆ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರು. "ಡಬ್ಬಿ ಎಲ್ಲಿಂದ ಸಾಯೋಕೆ ಶುರುವಾಗುತ್ತೆ ಗೊತ್ತೇನಪ್ಪಾ? ಪಾಯಿಖಾನೆ ಕೆಳಗಿಂದ" ಎಂದಿದ್ದರು ಒಮ್ಮೆ. ನೀರು ಇಳಿದು ಇಳಿದು ಅಡಿಯ ತಗಡು ತಿನ್ನುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಅವರು ನೆಲಕ್ಕೆ ಕೂತು, ಟಾರ್ಚ್ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡುತ್ತಿದ್ದರಂತೆ. ಟಣ್ ಎಂದರೆ ಜೀವ ಇದೆ. ಡಬ್ ಎಂದರೆ ಕತ್ತರಿಸಿ ಹೊಸ ತಗಡು ಹಾಕಬೇಕು. ಹೇಳುವಾಗ ಕಿವಿಯನ್ನು ಒಂದು ಕಡೆ ವಾಲಿಸುತ್ತಿದ್ದರು, ಎದುರಿಗೇ ಬೋಗಿ ನಿಂತಿದೆಯೇನೋ ಎಂಬಂತೆ. ಬೆರಳ ತುದಿ ದಪ್ಪಗೆ, ಮರದ ತೊಗಟೆಯ ಹಾಗಿತ್ತು. ಆ ಕಿವಿಯನ್ನು ಯಾವ ಟೆಂಡರ್ ಕರೆದು ಕೊಳ್ಳುತ್ತೀರಿ?

ಬ್ಲೆಚ್ಲಿಯಲ್ಲಿ ಕಳೆದುಹೋದದ್ದು ಅಂಥ ಕಿವಿಗಳೇ. ನಮ್ಮಲ್ಲಿ ಅವು ಇನ್ನೂ ಇವೆ. ಮೈಸೂರಿನಲ್ಲಿವೆ, ಹುಬ್ಬಳ್ಳಿಯಲ್ಲಿವೆ. ಅರ್ಧ ಆಯಸ್ಸು ಕಳೆದ ಬೋಗಿಗಳಿಗೆ ಹೊಸ ನೆಲ, ಹೊಸ ಸೀಟು, ಹೊಸ ವೈರಿಂಗ್ ಹಾಕುವುದಕ್ಕೆಂದೇ ಭೋಪಾಲದಲ್ಲಿ ಒಂದು ಕಾರ್ಖಾನೆ ಇದೆ. ಇದು ನಮ್ಮ ಆಸ್ತಿ ಮೇಷ್ಟ್ರೇ. ಇದರ ಬಗ್ಗೆ ಒಂದು ಸಾಲು ಸುದ್ದಿ ಬರುವುದಿಲ್ಲ. ಹೊಸ ರೈಲಿಗೆ ಹಸಿರು ಬಾವುಟ ತೋರಿಸಿದರೆ ಮುಖಪುಟ ತುಂಬಾ ಫೋಟೋ. ನಮ್ಮ ಪತ್ರಿಕೆಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ ಎನ್ನುವುದು ನನಗೆ ನೋವಿನ ವಿಷಯ.

"ಬಸ್ಸೇ ಸಾಕು" ಎಂಬ ನಿಮ್ಮ ಮಾತು ನನಗೆ ಚುಚ್ಚಿತು. ತಿಪಟೂರಿನವರಾಗಿ ನೀವು ಹೀಗೆ ಹೇಳಬಹುದೇ? ಗುಬ್ಬಿ, ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ಕರಡಿ. ಈ ಹೆಸರುಗಳನ್ನು ಕ್ರಮವಾಗಿ ಹೇಳಲು ನಿಮಗೆ ಕಲಿಸಿದ್ದು ಯಾವ ಬಸ್ಸು? ಪ್ಯಾಸೆಂಜರ್ ಗಾಡಿ ತಾನೆ? ಎಕ್ಸ್‌ಪ್ರೆಸ್ ಧೂಳೆಬ್ಬಿಸಿ ಹೋಗುವ ಕಡೆಯಲ್ಲೆಲ್ಲ ನಿಂತು, ಹೂವಿನ ಬುಟ್ಟಿ, ಕೊಬ್ಬರಿ ಚೀಲ, ಕಾಲೇಜು ಹುಡುಗಿಯರು, ಕೋರ್ಟಿಗೆ ಹೊರಟ ಅಜ್ಜ ಎಲ್ಲರನ್ನೂ ಹತ್ತಿಸಿಕೊಳ್ಳುವ ಗಾಡಿ ಅದು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತದ್ದು ನೆನಪಿದೆಯಾ? ಎಕ್ಸ್‌ಪ್ರೆಸ್‌ಗಳು ಬೇಗ ವಾಪಸ್ ಬಂದವು. ಪ್ಯಾಸೆಂಜರ್‌ಗಳು ಒಂದೊಂದಾಗಿ, ತಡವಾಗಿ ಬಂದವು. ಬಂದಾಗ ನಂಬರಿನ ಮುಂದೆ ಸೊನ್ನೆ, ಹೆಸರಿನ ಮುಂದೆ ಸ್ಪೆಷಲ್. ಡಬ್ಬಿ ಅದೇ, ನಿಲ್ಲುವ ಸ್ಟೇಷನ್ ಅದೇ, ಕನಿಷ್ಠ ಟಿಕೆಟ್ ಮಾತ್ರ 10 ರೂಪಾಯಿ ಇದ್ದದ್ದು 30! ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಎಲ್ಲ ನಿಂತ ದಿನದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ವರ್ಷ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ದಿನಕ್ಕೆ 40 ರೂಪಾಯಿ ಜಾಸ್ತಿ ಎಂದರೆ ಏನರ್ಥ ಎಂದು ಲೆಕ್ಕದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ.

ರೈಲು ಒಮ್ಮೆ ನಿಂತರೆ ವಾಪಸ್ ತರುವುದು ಎಷ್ಟು ಕಷ್ಟ ಎನ್ನುವುದಕ್ಕೆ ನಮ್ಮ ಹಾಸನ–ಮಂಗಳೂರು ದಾರಿಗಿಂತ ಬೇರೆ ಸಾಕ್ಷಿ ಬೇಕಾ? ಬ್ರಾಡ್‌ಗೇಜ್ ಮಾಡುತ್ತೇವೆಂದು 1996ರಲ್ಲಿ ನಿಲ್ಲಿಸಿದರು. ಪ್ರಯಾಣಿಕರ ರೈಲು ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಆಗ ಒಂದನೇ ಕ್ಲಾಸಿಗೆ ಸೇರಿದ್ದ ಸಕಲೇಶಪುರದ ಮಗು ಪಿಯುಸಿ ಓದುತ್ತಿತ್ತು. ಆ ಮಗುವಿಗೆ ರೈಲು ಎಂದರೆ ಅಪ್ಪ ಹೇಳುವ ಕಥೆ, ಅಷ್ಟೇ. ಜನ ಅಭ್ಯಾಸ ಬಿಡುತ್ತಾರೆ. ಬಿಟ್ಟ ಮೇಲೆ "ಯಾರೂ ಹತ್ತುವುದಿಲ್ಲ" ಎಂಬ ಷರಾ ಬರೆಯುವುದು ಸುಲಭ. ಆದ್ದರಿಂದಲೇ ಹೇಳುತ್ತೇನೆ, ಹೊಸದು ಬರುವ ತನಕ ಹಳೇದನ್ನು ನಿಲ್ಲಿಸಬಾರದು. ರಿಪೇರಿ ಮಾಡಿ ಓಡಿಸಬೇಕು.

ರೈಲು ಬಿಡಿ, ಮನೆಯೊಳಗೇ ನೋಡೋಣ. ಹೋದ ತಿಂಗಳು ನಮ್ಮ ಮನೆಯ ಮಿಕ್ಸಿಯ ಕಪ್ಲರ್ ಸವೆಯಿತು. ಅಂಗೈ ಮೇಲೆ ಕೂರುವಷ್ಟು ಪುಟ್ಟ ಸಾಮಾನು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರೆ, "ಆ ಮಾಡೆಲ್ ನಿಂತಿದೆ ಸರ್, ಹೊಸದು ತಗೊಳ್ಳಿ" ಎಂದ ಹುಡುಗ. ಬಿಚ್ಚಿ ಕೂಡ ನೋಡಲಿಲ್ಲ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆ. ಡಬ್ಬದಲ್ಲಿ ಕೈಯಾಡಿಸಿ, ಬೇರೆ ಕಂಪನಿಯ ಕಪ್ಲರ್ ತೆಗೆದು, ಅರ ಹಾಕಿ ಉಜ್ಜಿ ಕೂರಿಸಿದರು. ಈಗ ಚಟ್ನಿ ರುಬ್ಬುತ್ತಿದೆ. "ನನ್ನ ಮಕ್ಕಳು ಈ ಕೆಲಸಕ್ಕೆ ಬರಲ್ಲ ಅಂತಾರೆ ಸಾರ್" ಎಂದರು. ಬ್ಲೆಚ್ಲಿಯಲ್ಲಿ ರೈಲು ನಿಂತದ್ದಕ್ಕೂ ಈ ಮಾತಿಗೂ ನಂಟು ಇದೆ ಅಲ್ವಾ, ಮೇಷ್ಟ್ರೇ? ಐಟಿಐ ಎಂದರೆ ಮೂಗು ಮುರಿಯುತ್ತೇವೆ. ಫಿಟ್ಟರ್ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಆಮೇಲೆ ಗಾಡಿ ನಿಂತಾಗ ಕೂಗಾಡುತ್ತೇವೆ.

ನಿಮ್ಮ ಊರಿಗೆ ಹೊಸ ರೈಲು ಬರಲಿ. ಬೇಡ ಎನ್ನಲು ನಾನ್ಯಾರು? ಆದರೆ ಅಲ್ಲಿಯ ತನಕ ಒಂದು ಕೆಲಸ ಮಾಡಿ. ಬೆಳಿಗ್ಗೆ ವಾಕಿಂಗ್ ಹೇಗೂ ಹೋಗುತ್ತೀರಿ, ಒಂದು ದಿನ ಸ್ಟೇಷನ್ ಕಡೆ ಹೋಗಿ. ಹಳೇ ನೀಲಿ ಬೋಗಿಯ ಗಾಡಿ ಬಂದು ನಿಂತಾಗ ಕಿಟಕಿ ನೋಡಬೇಡಿ, ಕೊನೆಯ ಡಬ್ಬಿಯ ಹಿಂಭಾಗ ನೋಡಿ. ಅಲ್ಲಿ ಬಿಳಿ ಬಣ್ಣದ ಪುಟ್ಟ ಅಕ್ಷರಗಳಿರುತ್ತವೆ. ಯಾವ ವರ್ಕ್‌ಶಾಪಿನಲ್ಲಿ, ಯಾವತ್ತು ಪೂರ್ತಿ ಬಿಚ್ಚಿ ರಿಪೇರಿ ಆಯಿತು ಎಂದು ಬರೆದಿರುತ್ತಾರೆ. ಪಕ್ಕದಲ್ಲೇ ರಿಟರ್ನ್ ಡೇಟ್ ಎಂದು ಇನ್ನೊಂದು ತಾರೀಖು ಇರುತ್ತದೆ. ಆ ದಿನದೊಳಗೆ ಡಬ್ಬಿ ಮತ್ತೆ ಆ ಫಿಟ್ಟರ್‌ಗಳ ಕೈಗೆ ವಾಪಸ್ ಹೋಗಬೇಕು, ಸುತ್ತಿಗೆ ಏಟು ತಿನ್ನಬೇಕು, ಮತ್ತೆ ಬರಬೇಕು.

ಆ ಎರಡೂ ತಾರೀಖನ್ನು ನಿಮ್ಮ ಚಂದದ ಕೈಬರಹದಲ್ಲಿ ಬರೆದು ಕಳಿಸಿ ಮೇಷ್ಟ್ರೇ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ