ಮೊದಲು ರಿಕ್ಷಾ ಸ್ಟ್ಯಾಂಡಿಗೆ ಹೋಗಿ

ಉಡುಪಿಯ ನಿಮ್ಮ ಬಡಾವಣೆಯಲ್ಲಿ ಹೃದಯಸ್ತಂಭನವಾದಾಗ ಧಾವಿಸುವ ಸ್ವಯಂಸೇವಕರ ತಂಡ ಕಟ್ಟಬೇಕೆಂದಿದ್ದೀರಿ, ಮೊದಲು ಎಇಡಿ ಯಂತ್ರಕ್ಕೆ (ಹೃದಯದ ಬಡಿತ ಮರಳಿಸಲು ವಿದ್ಯುತ್ ಆಘಾತ ಕೊಡುವ ಯಂತ್ರ) ಚಂದಾ ಎತ್ತಬೇಕೇ ಎಂದು ಕೇಳಿದ್ದೀರಿ. ಬೇಡ. ಮೊದಲು ಹತ್ತಿರದ ರಿಕ್ಷಾ ಸ್ಟ್ಯಾಂಡಿಗೆ ಹೋಗಿ.

ಕುಂಜಿಬೆಟ್ಟಿನ ಕಡೆ ಇಂಥದೇ ಒಂದು ತಂಡದಲ್ಲಿ ನಾನಿದ್ದೇನೆ. ಹೃದಯ ನಿಂತವರಿಗೆ ನೆರವು ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಮಣಿಪಾಲದ ಆಸ್ಪತ್ರೆ ಎಷ್ಟು ಹತ್ತಿರವಿದ್ದರೂ ಈ ಲೆಕ್ಕದ ಮುಂದೆ ದೂರವೇ. ಸಿಂಗಾಪುರದಲ್ಲಿ 2015ರಿಂದ ತುರ್ತು ಸೇವೆಯವರ ಆ್ಯಪ್ ಒಂದು 400 ಮೀಟರ್ ಒಳಗಿರುವ ಸ್ವಯಂಸೇವಕರ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ತಂಡಕ್ಕಿರುವುದು ವಾಟ್ಸ್‌ಆ್ಯಪ್ ಗುಂಪು. ಅದರಲ್ಲಿ ಶುಭೋದಯದ ಹೂಗಳ ನಡುವೆ ಸಂದೇಶ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದ್ದರಿಂದ ದಿನವಿಡೀ ಅಲ್ಲೇ ಇರುವವರು ಬೇಕು: ರಿಕ್ಷಾ ಚಾಲಕರು, ಗೂಡಂಗಡಿಯವರು, ಮೀನು ಮಾರುವ ಹೆಂಗಸರು.

ಕಲಿಸಬೇಕಾದದ್ದು ಹೆಚ್ಚೇನಿಲ್ಲ. ಭುಜ ತಟ್ಟಿ ಕರೆದರೂ ಓಗೊಡುತ್ತಿಲ್ಲ, ಉಸಿರೂ ಸರಿಯಿಲ್ಲ ಎಂದಾದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಟ್ಟನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ, ಇಲ್ಲದಿದ್ದರೆ ಒತ್ತಡ ಸಡಿಲಾಗುತ್ತದೆ. ಪಕ್ಕೆಲುಬು ಮುರಿಯಬಹುದು, ಮುರಿಯಲಿ. ಆದರೆ ಎದೆ ಹಿಡಿದುಕೊಂಡು ಮಾತನಾಡುತ್ತಿರುವವರ ಎದೆ ಒತ್ತಬಾರದು, ಅವರನ್ನು ಆಸ್ಪತ್ರೆಗೆ ಮುಟ್ಟಿಸಬೇಕು.

ಜನ ಎಡವುವುದು ಉಸಿರಿನ ವಿಷಯದಲ್ಲಿ. ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆದು ಬರುವ ಉಸಿರನ್ನು ಕಂಡು, "ಜೀವ ಉಂಟು, ಸ್ವಲ್ಪ ಸೋಡಾ ಕುಡಿಸಿ" ಎನ್ನುತ್ತಾರೆ. ಅದು ಉಸಿರಾಟವಲ್ಲ, ಹೃದಯ ನಿಂತ ಲಕ್ಷಣ. ತರಬೇತಿಯ ಅರ್ಧ ಸಮಯವನ್ನು ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಬಿದ್ದವರು ಹೆಂಗಸಾದರೆ ಗಂಡಸರ ಕೈ ಹಿಂಜರಿಯುತ್ತದೆ. ಮಹಿಳಾ ಮಂಡಲದವರನ್ನೂ ತರಬೇತಿಗೆ ಕರೆಯಿರಿ. ಹಾಗೆಂದು ಅವರು ಬರುವ ತನಕ ಕಾಯುತ್ತ ನಿಲ್ಲುವುದಲ್ಲ.

ಮಲ್ಪೆಯ ಕಡಲತೀರದವರೂ ನಿಮ್ಮ ತಂಡಕ್ಕೆ ಸೇರಿದರೆ ಅವರ ಪಾಠ ಬೇರೆ. ನೀರಿನಲ್ಲಿ ಮುಳುಗಿದವರಿಗೆ ಬಾಯಿಯಿಂದ ಉಸಿರನ್ನೂ ಕೊಡಬೇಕಾಗುತ್ತದೆ.

ಎಇಡಿ ಯಂತ್ರದ ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಮುಂದೆ ಕೊಂಡರೂ ಸಂಘದ ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಜಡಿಯಬೇಡಿ (ಬೆಲೆಬಾಳುವುದಕ್ಕೆಲ್ಲ ಬೀಗ ಹಾಕುವುದು ನಮ್ಮವರ ಹಳೆಯ ಚಾಳಿ). ಕಾವಲುಗಾರ ಇಡೀ ರಾತ್ರಿ ಎಚ್ಚರವಿರುವ ಕಡೆ ಇಡಿ. ಎದೆಗೆ ಅಂಟಿಸುವ ಪ್ಯಾಡ್‌ಗೂ ಬ್ಯಾಟರಿಗೂ ಅವಧಿ ಮುಗಿಯುವ ದಿನಾಂಕವಿರುತ್ತದೆ. ಅದನ್ನು ನೋಡಿಕೊಳ್ಳಬೇಕಾದವರ ಹೆಸರನ್ನು ಪೆಟ್ಟಿಗೆಯ ಮೇಲೆಯೇ ಬರೆಯಿರಿ.